ಗೆಳೆಯನಿಗೊಂದು ಪತ್ರ: ಕಥೆ ಬರೆದುಕೊಂಡು ಹೋಗಬೇಡ

ಪ್ರೀತಿಯ ಗೆಳೆಯಾ,

ಶನಿವಾರ ನೀನು ಆಡಿಸಲಿರುವ ರೋಲ್‌ಪ್ಲೇಯಿಂಗ್ ಆಟಕ್ಕೆಂದು, ಅಂದರೆ ಆಟಗಾರರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಮಾತಿನಲ್ಲೇ ಕಥೆ ಕಟ್ಟುವ ಆಟಕ್ಕೆಂದು, ಬರೆದು ಕಳುಹಿಸಿದ ಟಿಪ್ಪಣಿಯನ್ನು ಪೂರ್ತಿ ಓದಿದೆ. ಮಂಜು ಕವಿದ ಬಂದರು, ಕಾಣೆಯಾದ ದೀಪಸ್ತಂಭದ ಕಾವಲುಗಾರ, ಒಂದೇ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಂತೆ ಒಪ್ಪಿಸುವ ಊರಿನವರು, ಎಲ್ಲವೂ ಸೊಗಸಾಗಿವೆ. ಮೂರನೆಯ ಭಾಗದಲ್ಲಿ ಕಾವಲುಗಾರನ ಮಗಳು ಗುಟ್ಟು ಹೇಳಿ ಪ್ರಾಣ ಬಿಡುವ ದೃಶ್ಯವಂತೂ ಕಾದಂಬರಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆಯೂ ಅದೇ. ನೀನು ಬರೆದಿರುವುದು ಕಾದಂಬರಿ. ಶನಿವಾರ ನಿನ್ನ ಮೇಜಿನ ಸುತ್ತ ಕೂರುವ ನಾಲ್ವರಿಗೆ ಅದರಲ್ಲಿ ಮಾಡಲು ಏನೂ ಉಳಿದಿಲ್ಲ. ನೀನು ಓದುತ್ತೀಯೆ, ಅವರು ಹೂಂಗುಟ್ಟುತ್ತಾರೆ. ಅಷ್ಟಕ್ಕೆ ದಾಳವೂ ಬೇಡ, ಪಾತ್ರದ ವಿವರ ಬರೆದ ಹಾಳೆಯೂ ಬೇಡ.

ಮೊದಲ ಎರಡು ಪುಟ ಇಟ್ಟುಕೋ, ಮಿಕ್ಕಿದ್ದನ್ನು ಕಪಾಟಿಗೆ ಸೇರಿಸು. ಮುನಿಸಿಕೊಳ್ಳಬೇಡ, ಕಾರಣ ಹೇಳುತ್ತೇನೆ.

ಈ ಆಟಗಳ ಬೇರು ಇರುವುದು ಸೈನಿಕರ ಅಭ್ಯಾಸದಲ್ಲಿ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಫಾನ್ ರೈಸ್‌ವಿಟ್ಸ್ ರೂಪಿಸಿದ ಯುದ್ಧದಾಟದಲ್ಲಿ ಇಬ್ಬರು ಎದುರಾಳಿಗಳ ನಡುವೆ ಒಬ್ಬ ತೀರ್ಪುಗಾರನಿದ್ದ. ತನ್ನ ಪಡೆ ಏನು ಮಾಡಬೇಕೆಂದು ಆಟಗಾರ ಅವನಿಗೆ ಹೇಳುತ್ತಿದ್ದ. ತೀರ್ಪುಗಾರ ದಾಳ ಉರುಳಿಸಿ, ಕೋಷ್ಟಕ ನೋಡಿ, ಏನಾಯಿತೆಂದು ತಿಳಿಸುತ್ತಿದ್ದ. ನಿನ್ನಂತೆ ಆಟ ನಡೆಸಿಕೊಡುವ ನಮ್ಮ ಗೇಮ್ ಮಾಸ್ಟರ್‌ನ ಮುತ್ತಜ್ಜ ಅವನೇ. ಗಮನಿಸು, ಅವನ ಕೆಲಸ ತೀರ್ಪು ಕೊಡುವುದಾಗಿತ್ತು. ಕಥೆ ಹೇಳುವುದು ಅವನ ಪಾಲಿಗೆ ಬಂದಿರಲೇ ಇಲ್ಲ.

ನನಗೆ ಬಲು ಇಷ್ಟವಾದ ಘಟನೆ ಅದಾದ ಬಹುಕಾಲದ ಮೇಲೆ, 1969ರ ಸುಮಾರಿಗೆ, ಅಮೆರಿಕದ ಮಿನೆಸೋಟದಲ್ಲಿ ನಡೆದದ್ದು. ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಒಂದು ಯುದ್ಧದಾಟವನ್ನು ಅಣಿಗೊಳಿಸಿದ. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು, ಅದರತ್ತ ಬರುತ್ತಿರುವ ಸೈನ್ಯಗಳು. ಆಟಗಾರರು ಹೆಚ್ಚು ಬಂದದ್ದರಿಂದ ಸೇನಾಪತಿಗಳಲ್ಲದವರಿಗೂ ಊರಿನೊಳಗೆ ಒಂದೊಂದು ಪಾತ್ರ ಹಂಚಿದ. ಅವನ ಲೆಕ್ಕದಲ್ಲಿ ಅದೆಲ್ಲ ಪೀಠಿಕೆ, ಅಸಲು ಆಟ ಯುದ್ಧವೇ. ಆದರೆ ಆಟಗಾರರು ಯುದ್ಧದ ಗೊಡವೆಗೇ ಹೋಗಲಿಲ್ಲ. ಮೂಲೆಗಳಲ್ಲಿ ಗುಸುಗುಸು ಮಾಡಿದರು, ಒಳಸಂಚು ಹೂಡಿದರು, ಯಾರೂ ಕೇಳದಿದ್ದರೂ ಇಬ್ಬರು ದ್ವಂದ್ವಯುದ್ಧಕ್ಕೆ ನಿಂತರು. ತನ್ನ ಪ್ರಯೋಗ ಕೆಟ್ಟುಹೋಯಿತೆಂದು ವೆಸ್ಲಿ ಅಂದುಕೊಂಡ. ಆಟಗಾರರು ಮಾತ್ರ ಇನ್ನೊಮ್ಮೆ ಆಡಿಸೆಂದು ಅವನ ಬೆನ್ನುಬಿದ್ದರು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಮುಂದೆ ತನ್ನದೇ ಬ್ಲ್ಯಾಕ್‌ಮೂರ್ ಎಂಬ ನಾಡನ್ನು ಕಟ್ಟಿ, ಗೆಳೆಯರನ್ನು ಅದರ ಕೋಟೆಯ ಕೆಳಗಿನ ನೆಲಮಾಳಿಗೆಗಳಿಗೆ ಇಳಿಸಿದ. 1974ರಲ್ಲಿ ಅವನೂ ಆಟಗಳ ರಚನಕಾರ ಗ್ಯಾರಿ ಗೈಗ್ಯಾಕ್ಸ್ ಕೂಡಿ ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಮೂರು ಪುಟ್ಟ ಪುಸ್ತಿಕೆಗಳಿದ್ದ ಪೆಟ್ಟಿಗೆ, ಮೊದಲ ಮುದ್ರಣ 1000 ಪ್ರತಿ.

ಅಂದರೆ ಒಬ್ಬ ಜಾಣ ಹಾಕಿಕೊಂಡ ಯೋಜನೆಯನ್ನು ಆಟಗಾರರು ಕಾಲಲ್ಲಿ ಒದ್ದು ಮುಂದೆ ಹೋದಾಗಲೇ ಈ ಆಟದ ದಾರಿ ತೆರೆಯಿತು. ಕಾವಲುಗಾರನ ಮಗಳನ್ನು ಮೂರನೆಯ ಭಾಗದವರೆಗೆ ಜೋಪಾನವಾಗಿ ಕಾಯಬೇಕೆಂದು ನೀನು ಎಣಿಸಿದ್ದೀಯೆ. ನಿನ್ನ ನಾಲ್ವರಲ್ಲಿ ಒಬ್ಬರು ಮೊದಲ ಹತ್ತು ನಿಮಿಷದಲ್ಲೇ ಅವಳನ್ನು ದೋಣಿ ಹತ್ತಿಸಿ ಊರಾಚೆ ಕಳುಹಿಸಿಬಿಟ್ಟರೆ? ನೀನು ದಡದಲ್ಲಿ ನಿಂತು 'ದೋಣಿಗೆ ತೂತು ಬಿದ್ದಿದೆ' ಎನ್ನುತ್ತೀಯೆ. ಅದು ಸುಳ್ಳೆಂದು ಅವರಿಗೂ ಗೊತ್ತಾಗುತ್ತದೆ. ಮುಂದೆ ಅವರು ಏನನ್ನೂ ಯೋಚಿಸಿ ಮಾಡುವುದಿಲ್ಲ, ನೀನು ಎಳೆದತ್ತ ಬರುತ್ತಾರೆ.

ಹಾಗಾದರೆ ನೀನು ಸಿದ್ಧಮಾಡಿಕೊಳ್ಳಬೇಕಾದದ್ದು ಏನು? ಯಾರಿಗೆ ಏನು ಬೇಕು, ಅದಕ್ಕೆ ಯಾರು ಅಡ್ಡ, ಯಾರೂ ಕೈಹಾಕದಿದ್ದರೆ ಊರಿನಲ್ಲಿ ಏನಾಗುತ್ತದೆ. ಇಷ್ಟು ತಿಳಿದಿದ್ದರೆ ಆಟಗಾರರು ಎತ್ತ ಹೋದರೂ ನಿನ್ನ ಬಳಿ ಉತ್ತರವಿರುತ್ತದೆ. ಆಟ ಶುರುವಾಗುವ ಮುನ್ನ ಅವರಿಗೇ ಪ್ರಶ್ನೆ ಹಾಕು. ಆ ಕಾವಲುಗಾರ ನಿನ್ನ ಯಾವ ಗುಟ್ಟನ್ನು ಬಲ್ಲ? ಅವನ ಮಗಳು ನಿನ್ನೊಡನೆ ಮಾತು ಬಿಟ್ಟದ್ದೇಕೆ? ಉತ್ತರ ಅವರ ಬಾಯಿಂದಲೇ ಬಂದರೆ ಕಾವಲುಗಾರನನ್ನು ಹುಡುಕುವ ದರ್ದೂ ಅವರದೇ ಆಗುತ್ತದೆ. 'ನನಗೆ ಕಲ್ಪನೆಯೇ ಇಲ್ಲ' ಎಂದು ಹಿಂದೆ ಸರಿಯುವವರನ್ನು ನಾನು ಬಹಳ ನೋಡಿದ್ದೇನೆ. ಅವರ ಮುಂದೆ ಖಾಲಿ ಬಯಲು ಹಾಸಿದರೆ ಕಂಗಾಲಾಗುತ್ತಾರೆ. 'ನಿನ್ನ ಕಿಸೆಯಲ್ಲಿ ನಿನ್ನದಲ್ಲದ ಒಂದು ವಸ್ತು ಇದೆ, ಏನದು?' ಎಂದು ಕೇಳಿ ನೋಡು. ಹಲವು ಸಲ ಮೇಜಿನ ಸುತ್ತ ಕೂತವರಲ್ಲೆಲ್ಲ ಒಳ್ಳೆಯ ಉತ್ತರ ಅವರಿಂದಲೇ ಬಂದಿದೆ.

'ಎಲ್ಲ ಮಾತಿನಲ್ಲೇ ನಡೆಯುವುದಾದರೆ ದಾಳ ಯಾಕೆ' ಎಂದು ಕೇಳಿದ್ದೀಯಲ್ಲ, ಮುಂದೇನಾಗುತ್ತದೆಂದು ಯಾರಿಗೂ ಗೊತ್ತಿರಬಾರದು ಎಂಬುದಕ್ಕೆ. ನಿನಗೂ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಂಖ್ಯೆಗೂ ಶೇ 5ರಷ್ಟೇ ಅವಕಾಶ. ಅದು ಒರಟು ದಾಳ, ಒಂದೂ ಇಪ್ಪತ್ತೂ ಹತ್ತರಷ್ಟೇ ಸಲೀಸಾಗಿ ಬೀಳುತ್ತವೆ. ನನ್ನ ಒಲವು 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಆಟದ ಕ್ರಮದ ಕಡೆಗೆ. ಸಾಮಾನ್ಯ ಆರು ಮುಖದ ಎರಡು ದಾಳ, ಜೊತೆಗೆ ಪಾತ್ರದ ಗುಣಕ್ಕೆ ತಕ್ಕಷ್ಟು ಅಂಕ. ಹತ್ತು ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. ಆರು ಅಥವಾ ಕಡಿಮೆ ಬಂದರೆ ಕಷ್ಟ ಬಂತು. ಏಳರಿಂದ ಒಂಬತ್ತು ಬಂದರೆ ಆಯಿತು, ಆದರೆ ಏನೋ ತೆರಬೇಕು. ಬೀಗ ತೆರೆಯಿತು, ಆದರೆ ಕೀಲಿ ಒಳಗೇ ಮುರಿಯಿತು. ಬರೀ ದಾಳದ ಲೆಕ್ಕ ಹಿಡಿದರೆ 36 ಗರಗಳಲ್ಲಿ 6 ಪೂರ್ಣ ಗೆಲುವು, 15 ಅರೆಗೆಲುವು, 15 ಸೋಲು. ಎರಡು ಅಂಕ ಕೂಡಿಸಿದರೆ ಗೆಲುವು 15ಕ್ಕೆ ಏರುತ್ತದೆ, ಸೋಲು 6ಕ್ಕೆ ಇಳಿಯುತ್ತದೆ, ನಡುವಿನ 15 ಮಾತ್ರ ಅಲುಗುವುದಿಲ್ಲ. ಕಥೆ ಹುಟ್ಟುವುದು ಆ ಹದಿನೈದರಲ್ಲೇ. ಯಾರು ಮಾಡಿದ ಲೆಕ್ಕವೋ, ಮೆಚ್ಚಬೇಕು.

ಒಂದು ಎಚ್ಚರಿಕೆ. ನಿನ್ನದು ಪತ್ತೇದಾರಿಯ ಆಟ, ಆದ್ದರಿಂದ ಮುಖ್ಯ ಸುಳಿವನ್ನು ದಾಳದ ಹಿಂದೆ ಬಚ್ಚಿಡಬೇಡ. ಕಾವಲುಗಾರನ ದಿನಚರಿ ಸಿಗಲು ಒಳ್ಳೆಯ ಗರ ಬೇಕೆಂದು ಇಟ್ಟರೆ, ಗರ ಬೀಳದಿದ್ದಾಗ ಆಟ ಅಲ್ಲಿಗೇ ನಿಂತಿತು. ಆಟಗಳ ರಚನಕಾರ ರಾಬಿನ್ ಲಾಸ್ ಪತ್ತೇದಾರಿ ಆಟಗಳಿಗೆಂದು ತನ್ನ ಗಮ್‌ಶೂ ಕ್ರಮವನ್ನು ಕಟ್ಟಿದ್ದೇ ಇದರ ಮೇಲೆ: ತಕ್ಕ ಜಾಣ್ಮೆಯುಳ್ಳ ಪಾತ್ರ ತಕ್ಕ ಜಾಗದಲ್ಲಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ, ಅದರ ಅರ್ಥ ಬಿಡಿಸುವುದೇ ಆಟ.

ಸಂಕೋಚದ ಇಬ್ಬರು ಇದ್ದಾರೆಂದು ಬರೆದಿದ್ದೀಯೆ. ಅವರಿಗಾಗಿ ಮೊದಲು ಅರ್ಧ ಗಂಟೆ ಡಿಕ್ಸಿಟ್ ಎಂಬ ಚಿತ್ರದ ಕಾರ್ಡುಗಳ ಆಟ ಆಡಿಸು. ನಿನ್ನ ಸರದಿಯಲ್ಲಿ ನೀನು ಚಿತ್ರದ ಎಲೆಯೊಂದನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡು ಒಂದು ಮಾತೋ ಪದವೋ ಹೇಳಬೇಕು, ಉಳಿದವರು ತಮ್ಮ ಕೈಯಿಂದ ಅದಕ್ಕೆ ಹೊಂದುವ ಎಲೆ ಹಾಕುತ್ತಾರೆ, ಕಲೆಸಿದ ಮೇಲೆ ನಿನ್ನದು ಯಾವುದೆಂದು ಊಹಿಸಬೇಕು. ಎಲ್ಲರೂ ಊಹಿಸಿದರೆ ನಿನಗೆ ಸೊನ್ನೆ. ಯಾರೂ ಊಹಿಸದಿದ್ದರೂ ಸೊನ್ನೆ. ಎಷ್ಟು ಹೇಳಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ನಿಯಮ ನನಗೆ ಕಂಡಿಲ್ಲ. ನಿನ್ನ ಊರಿನವರ ಸುಳ್ಳಿಗೂ ಅಷ್ಟೇ ಬಿರುಕಿರಲಿ.

ದನಿ ಬದಲಿಸಿ ನಟಿಸಬೇಕೇ ಎಂಬ ಚಿಂತೆ ಬೇಡ. 'ಅವಳು ಮಾತು ತಪ್ಪಿಸಿ ಕಿಟಕಿಯತ್ತ ನೋಡುತ್ತಾಳೆ' ಎಂದರೆ ಸಾಕು. ತೀರ್ಪುಗಾರನೇ ಇಲ್ಲದೆ ಆಡುವ ಫಿಯಾಸ್ಕೊದಂಥ ಆಟಗಳೂ ಇವೆ, ಅವು ಆಮೇಲೆ. ಡ್ರೆಡ್ ಎಂಬ ಹೆದರಿಕೆಯ ಆಟವನ್ನು ಮಾತ್ರ ಯಾವಾಗಲಾದರೂ ಆಡಲೇಬೇಕು. ಅದರಲ್ಲಿ ದಾಳವಿಲ್ಲ, ಮರದ ತುಂಡುಗಳನ್ನು ಪೇರಿಸಿದ ಜೆಂಗಾ ಗೋಪುರವಿದೆ. ಅಪಾಯದ ಕೆಲಸಕ್ಕೆ ಕೈಹಾಕಿದವರು ಅದರಿಂದ ಒಂದು ತುಂಡು ಎಳೆಯಬೇಕು, ಗೋಪುರ ಬಿದ್ದರೆ ಅವರ ಪಾತ್ರ ಆಟದಿಂದ ಹೊರಗೆ. ಹೆದರಿಕೆಯ ಕಥೆಯಲ್ಲಿ ಆಟಗಾರನ ಬೆರಳೇ ನಡುಗುವಂತೆ ಮಾಡಿದ ಪುಣ್ಯಾತ್ಮರು ಅದನ್ನು ಕಟ್ಟಿದವರು.

ಇನ್ನೊಂದು ಮಾತು, ಇದನ್ನು ಮರೆಯಬೇಡ. ತಂಡದಲ್ಲಿ ಒಬ್ಬರಿಗೆ ನೀರೆಂದರೆ ಭಯ ಎಂದು ನೀನೇ ಬರೆದಿದ್ದೀಯೆ, ಕಥೆ ನೋಡಿದರೆ ಬಂದರಿನಲ್ಲಿ ನಡೆಯುತ್ತದೆ! ಮೊದಲೇ ಅವರನ್ನು ಕೇಳು. ಜೊತೆಗೆ ಒಂದು ಚೀಟಿಯ ಮೇಲೆ ಗುಣಾಕಾರದ ಗುರುತು ಹಾಕಿ ಮೇಜಿನ ನಡುವೆ ಇಡು. ಎಕ್ಸ್ ಕಾರ್ಡ್ ಎಂದು ಅದರ ಹೆಸರು. ಯಾರೇ ಅದನ್ನು ಮುಟ್ಟಿದರೂ ಆ ಸಂಗತಿಯನ್ನು ಆಟದಿಂದ ತೆಗೆಯಬೇಕು, ಕಾರಣ ಕೇಳುವಂತಿಲ್ಲ.

ಮೂರು ಗಂಟೆಗಿಂತ ಹೆಚ್ಚು ಎಳೆಯಬೇಡ. ಮತ್ತೆ, ಬೇರೆ ಏನಿಲ್ಲದಿದ್ದರೂ ಹತ್ತಿಪ್ಪತ್ತು ಹೆಸರುಗಳ ಪಟ್ಟಿ ಕೈಯಲ್ಲಿರಲಿ. ನೀನು ವರ್ಷಗಟ್ಟಲೆ ಯೋಚಿಸಿ ಸೃಷ್ಟಿಸಿದ ಖಳನಾಯಕನನ್ನು ಬಿಟ್ಟು, ಬಲೆ ಹೊಲಿಯುತ್ತ ಕೂತ ಯಾವನೋ ಮುದುಕನ ಹೆಸರು ಕೇಳಿ, ರಾತ್ರಿಯೆಲ್ಲ ಅವನ ಹಿಂದೆಯೇ ಸುತ್ತುತ್ತಾರೆ ಆಟಗಾರರು. ಆ ಮುದುಕನಿಗೆ ಏನು ಬೇಕಾಗಿತ್ತೆಂದು ಭಾನುವಾರ ಫೋನ್ ಮಾಡಿ ಹೇಳು.

ಇಂತಿ ನಿನ್ನ
ಗೆಳೆಯ