ಆರು ಕಾರ್ಬನ್‌ಗಳ ಲೆಕ್ಕ: ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಜೀವಶಾಸ್ತ್ರದ ಪುನರಾವರ್ತನೆಯನ್ನು ಜೀವಕೋಶದ ಭಾಗಗಳ ಪಟ್ಟಿಯಿಂದ ಶುರು ಮಾಡಬೇಡ. ಬಾಯಿಪಾಠ ಮಾಡಿದ ಪಟ್ಟಿ ಪರೀಕ್ಷೆಯ ಹೊತ್ತಿಗೆ ಕೈಕೊಡುತ್ತದೆ. ಒಂದು ಗ್ಲುಕೋಸ್ ಅಣುವನ್ನು ಹಿಡಿದುಕೊಂಡು, ಅದರ ಆರು ಕಾರ್ಬನ್ ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ಬೆನ್ನುಹತ್ತು. ಕ್ಲೋರೋಪ್ಲಾಸ್ಟ್, ಕೋಶದ್ರವ್ಯ, ಮೈಟೋಕಾಂಡ್ರಿಯಾ ಎಲ್ಲ ಆ ದಾರಿಯಲ್ಲೇ ಸಿಗುತ್ತವೆ.

ಮೊದಲು ಕ್ಲೋರೋಪ್ಲಾಸ್ಟ್‌ನಲ್ಲಿ ನಡೆಯುವ ದ್ಯುತಿಸಂಶ್ಲೇಷಣೆ. 6 ಕಾರ್ಬನ್ ಡೈಆಕ್ಸೈಡ್ ಮತ್ತು 12 ನೀರು ಸೇರಿ, ಬೆಳಕು ಮತ್ತು ಪತ್ರಹರಿತ್ತಿನ ನೆರವಿನಿಂದ 1 ಗ್ಲುಕೋಸ್, 6 ಆಮ್ಲಜನಕ, 6 ನೀರು ಆಗುತ್ತವೆ. ಎರಡೂ ಕಡೆ ನೀರಿದೆಯಲ್ಲ, 6 ಕಳೆದು ಬರೆದರೆ ಸಾಲದೇ ಎಂದು ನಿನಗೂ ಅನ್ನಿಸಿರಬಹುದು. ಲೆಕ್ಕವೇನೋ ಸರಿಹೋಗುತ್ತದೆ, ನಡೆದದ್ದೇನು ಎಂಬುದು ಮಾತ್ರ ಮುಚ್ಚಿಹೋಗುತ್ತದೆ. ಹೊರಬರುವ ಆಮ್ಲಜನಕವೆಲ್ಲ ನೀರು ಒಡೆದು ಬಂದದ್ದು. 6 ಆಮ್ಲಜನಕ ಅಣುಗಳಲ್ಲಿ 12 ಪರಮಾಣು; ಒಂದು ನೀರಿನ ಅಣುವಿನಲ್ಲಿರುವುದು ಒಂದೇ. ಅದಕ್ಕೇ 12 ನೀರು. 1941ರಲ್ಲಿ ಅಮೆರಿಕದಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಮ್ಲಜನಕ-18 (ಮಾಮೂಲಿಗಿಂತ ಭಾರವಾದ, ಹಾಗಾಗಿ ಗುರುತು ಹಿಡಿಯಬಹುದಾದ ಆಮ್ಲಜನಕ) ಬೆರೆತ ನೀರನ್ನು ಕ್ಲೋರೆಲ್ಲಾ ಪಾಚಿಗೆ ಕೊಟ್ಟು ನೋಡಿದಾಗ, ಹೊರಬಂದ ಅನಿಲದಲ್ಲೂ ಅದೇ ಆಮ್ಲಜನಕ ಸಿಕ್ಕಿತು.

ಹೀಗೆ ಆದ ಗ್ಲುಕೋಸನ್ನು ಎಲೆ ಪಿಷ್ಟವಾಗಿ ಕೂಡಿಡುತ್ತದೆ. ಅದನ್ನು ತೋರಿಸುವ ಪಿಷ್ಟದ ಪ್ರಯೋಗದಲ್ಲಿ ಪ್ರತಿ ಹೆಜ್ಜೆಗೂ ಕಾರಣವಿದೆ. ಕಾರಣ ಗೊತ್ತಿದ್ದರೆ ಹೆಜ್ಜೆಗಳ ಕ್ರಮ ತಪ್ಪುವುದೇ ಇಲ್ಲ. ಕ್ರೋಟನ್ ಅಥವಾ ಬಿಳಿಮಚ್ಚೆಯ ಮನಿಪ್ಲಾಂಟ್ ಕುಂಡವನ್ನು ಮೂರು ದಿನ ಕತ್ತಲೆಯಲ್ಲಿಡಬೇಕು, ಎಲೆಯಲ್ಲಿದ್ದ ಹಳೆಯ ಪಿಷ್ಟ ಖರ್ಚಾಗಲಿ ಎಂದು. ಆಮೇಲೆ ಸುಮಾರು ಆರು ಗಂಟೆ ಬಿಸಿಲು. ಎಲೆ ಕಿತ್ತ ತಕ್ಷಣ ಅದರ ಹಸಿರು ಭಾಗಗಳನ್ನು ಹಾಳೆಯ ಮೇಲೆ ಗುರುತು ಮಾಡಿಕೋ; ಮುಂದೆ ಬಣ್ಣ ಹೋದಮೇಲೆ ಯಾವುದು ಎಲ್ಲಿತ್ತು ಎಂದು ಹೇಳಲಾಗದು. ನೀರಿನಲ್ಲಿ ಕೆಲವು ನಿಮಿಷ ಕುದಿಸಿದರೆ ಕೋಶಪೊರೆಗಳು ಒಡೆದು, ಆಲ್ಕೋಹಾಲಿಗೂ ಅಯೋಡಿನ್‌ಗೂ ಒಳಗೆ ದಾರಿಯಾಗುತ್ತದೆ. ಇದನ್ನು ಬಿಟ್ಟವರ ಎಲೆ ಹಸಿರಾಗಿಯೇ ಉಳಿಯುತ್ತದೆ. ಆಲ್ಕೋಹಾಲಿನ ಬೀಕರನ್ನು ಯಾವತ್ತೂ ನೇರ ಉರಿಯ ಮೇಲಿಡಬೇಡ. ಅದು 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಅದರ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಬಿಸಿನೀರಿನ ದೊಡ್ಡ ಬೀಕರಿನೊಳಗೆ ಇಟ್ಟೇ ಕಾಯಿಸಬೇಕು, ಅದೂ ಶಾಲೆಯ ಲ್ಯಾಬಿನಲ್ಲಿ ಮೇಡಂ ಎದುರಿಗೆ ಮಾತ್ರ. ಬಣ್ಣ ಕಳೆದ ಎಲೆ ಗರಿಗರಿಯಾಗಿ ಮುರಿಯುವಂತಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆತ್ತಗಾದಮೇಲೆ, ತಣ್ಣಗಿರುವಾಗ ತೆಳು ಅಯೋಡಿನ್ ಹಾಕು. ಬಿಸಿಯಿದ್ದರೆ ಪಿಷ್ಟದ ನೀಲಿಗಪ್ಪು ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಸಿರಿದ್ದ ಕಡೆ ನೀಲಿಗಪ್ಪು. ಬಿಳಿಯಿದ್ದ ಕಡೆ ಅಯೋಡಿನ್ನಿನದೇ ಹಳದಿಗಂದು.

ಇನ್ನು ಉಸಿರಾಟ. ಅಂಕಗಳು ಹೆಚ್ಚು ಸೋರಿಹೋಗುವುದು ಇಲ್ಲಿ. ಕೋಶದ್ರವ್ಯದಲ್ಲಿ 6 ಕಾರ್ಬನ್ನಿನ ಗ್ಲುಕೋಸ್ ತಲಾ 3 ಕಾರ್ಬನ್ನಿನ ಎರಡು ಪೈರುವೇಟ್ ಆಗುತ್ತದೆ. ಇಷ್ಟಕ್ಕೆ ಆಮ್ಲಜನಕ ಬೇಡ, ಕಾರ್ಬನ್ ಡೈಆಕ್ಸೈಡೂ ಹೊರಬರುವುದಿಲ್ಲ. ಎಟಿಪಿ ಎಂದರೆ ಕೋಶದ ಕೆಲಸಕ್ಕೆ ಶಕ್ತಿ ಹೊತ್ತೊಯ್ಯುವ ಅಣು; 2 ಎಟಿಪಿ ಖರ್ಚು ಮಾಡಿ 4 ಪಡೆಯುವುದರಿಂದ ಉಳಿಯುವುದು 2. ಮುಂದೆ ಮೂರು ದಾರಿ. ಯೀಸ್ಟ್‌ನಲ್ಲಿ ಆಮ್ಲಜನಕವಿಲ್ಲದಾಗ ಪ್ರತಿ ಪೈರುವೇಟಿನಿಂದ 2 ಕಾರ್ಬನ್ನಿನ ಎಥನಾಲ್, 1 ಕಾರ್ಬನ್ನಿನ ಕಾರ್ಬನ್ ಡೈಆಕ್ಸೈಡ್. ಓಡುವಾಗ ಆಮ್ಲಜನಕ ಸಾಲದ ಸ್ನಾಯುವಿನಲ್ಲಿ ಅದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಅದರಲ್ಲೂ ಕಾರ್ಬನ್ 3 ಇವೆ. ಅಂದಮೇಲೆ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಬರಲು ಕಾರ್ಬನ್ನೇ ಉಳಿದಿಲ್ಲ. ಆಮ್ಲಜನಕ ಇದ್ದರೆ ಮೈಟೋಕಾಂಡ್ರಿಯಾದೊಳಗೆ ಮೂರೂ ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತವೆ. ನಾವು ಎಳೆದುಕೊಂಡ ಆಮ್ಲಜನಕ ಕೊನೆಯ ಹಂತದಲ್ಲಿ ಎಲೆಕ್ಟ್ರಾನ್‌ಗಳನ್ನು ಪಡೆದು ನೀರಾಗುತ್ತದೆ. ಒಟ್ಟು ಎಟಿಪಿ ಹಳೆಯ ಪುಸ್ತಕಗಳಲ್ಲಿ 36 ಅಥವಾ 38. ಈಗಿನ ಅಂದಾಜು 30ರಿಂದ 32. ಪಿಯುಸಿಯಲ್ಲಿ ಈ ಸಂಖ್ಯೆ ಬಂದಾಗ ಗಾಬರಿಯಾಗಬೇಡ, ನಿನ್ನ ಪಠ್ಯದಲ್ಲಿದ್ದುದನ್ನೇ ಬರೆ.

ಇಡ್ಲಿ ಹಿಟ್ಟು ಉಬ್ಬುವುದು ಯೀಸ್ಟ್‌ನಿಂದ ಎಂದು ಬಹಳ ಜನ ಬರೆಯುತ್ತಾರೆ. ಅಲ್ಲಿ ಮುಖ್ಯ ಕೆಲಸ ಲ್ಯುಕೋನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳದು. ಅವು ಗ್ಲುಕೋಸನ್ನು ಬೇರೆಯೇ ದಾರಿಯಲ್ಲಿ ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಕೊಡುತ್ತವೆ, ಕಾರ್ಬನ್ ಡೈಆಕ್ಸೈಡನ್ನೂ ಕೊಡುತ್ತವೆ. ಹುಳಿಯೂ ಉಬ್ಬೂ ಒಟ್ಟಿಗೇ ಬರುವುದು ಹಾಗೆ.

ಗಿಡ ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ಮಾಡುತ್ತದೆ ಎಂದು ಮಾತ್ರ ಬರೆಯಬೇಡ. ಉಸಿರಾಟ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತದೆ. ಹಗಲಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಎಲೆ ಅಲ್ಲೇ ಬಳಸಿಕೊಳ್ಳುವುದರಿಂದ ಅದು ನಮಗೆ ಕಾಣದು, ಅಷ್ಟೆ.

ಈರುಳ್ಳಿ ಪೊರೆಯ ಸ್ಲೈಡ್ ಮಾಡುವಾಗ ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸು. ಒಮ್ಮೆಲೇ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ದುಂಡನ್ನೇ ಕೋಶಕೇಂದ್ರ ಎಂದು ಬರೆಯುವವರಿದ್ದಾರೆ. ನಿಜವಾದ ಕೋಶಕೇಂದ್ರ ಬಣ್ಣ ಹಿಡಿದಿರುತ್ತದೆ, ಸಾಮಾನ್ಯವಾಗಿ ಒಂದು ಬದಿಗೆ ಒತ್ತಿಕೊಂಡಿರುತ್ತದೆ, ಏಕೆಂದರೆ ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಆಕ್ರಮಿಸಿರುತ್ತದೆ. ಆ ಚಿತ್ರದಲ್ಲಿ ಕ್ಲೋರೋಪ್ಲಾಸ್ಟ್ ಹಾಕಬೇಡ. ಅದು ಸಸ್ಯಕೋಶವೇ, ಆದರೆ ಗಡ್ಡೆಯ ಒಳಪದರದ್ದು. ಅಲ್ಲಿ ಕ್ಲೋರೋಪ್ಲಾಸ್ಟ್ ಇರುವುದಿಲ್ಲ.

ಮೂರು ದಾರಿಗಳ ಕಾರ್ಬನ್ ಲೆಕ್ಕವನ್ನು ಪುಸ್ತಕ ಮುಚ್ಚಿ ಬರೆದು, ಫೋಟೋ ತೆಗೆದು ಕಳಿಸು.

ನಿನ್ನ ಅಮ್ಮ