ಜೋಡಿ ಚಿತ್ರಗಳಿಗೆ ಕೂತವರಿಗೆ, ಜೊತೆಗೆ ನಿಂತವರಿಗೆ

ಶಿವಮೊಗ್ಗದಲ್ಲಿ ಕ್ವಿಯರ್ (ಸಲಿಂಗ, ಟ್ರಾನ್ಸ್ ಮುಂತಾದ) ಜೋಡಿಗಳ ಭಾವಚಿತ್ರ ಪ್ರದರ್ಶನ ಮುಗಿದಿದೆ. ಮಲೆನಾಡಿನ ಮಳೆಗಾಲದಲ್ಲಿ ಬರೆದ ಇದ್ದಿಲಿನ ಚಿತ್ರಗಳು ಬೂಷ್ಟು ಹಿಡಿಯದೆ ಉಳಿದಿವೆ. ಇದು ನಮ್ಮಿಂದಷ್ಟೇ ಆದದ್ದಲ್ಲ.

ಮೊದಲ ಕೃತಜ್ಞತೆ ನಮ್ಮೆದುರು ಕೂತ ನಿಮಗೆ. ಇಬ್ಬರನ್ನು ಒಂದೇ ಹಾಳೆಯಲ್ಲಿ ಬರೆಯುವಾಗ ಮುಖಕ್ಕಿಂತ ಕಷ್ಟದ್ದು ಇಬ್ಬರೂ ತಾಗುವ ಜಾಗ. 20 ನಿಮಿಷ ಕೂತು 5 ನಿಮಿಷ ಎದ್ದು ಬಂದರೆ ಮುಖ ಹೆಚ್ಚುಕಡಿಮೆ ಅದೇ ಕೋನಕ್ಕೆ ಮರಳುತ್ತದೆ. ಬೆರಳುಗಳು ಮಾತ್ರ ಮೊದಲಿನ ಹಾಗೆ ಹೆಣೆದುಕೊಳ್ಳುವುದಿಲ್ಲ. ಹಾಗಾಗಿ ಕೈ ಮೊದಲು, ಪಾದದ ಜಾಗಕ್ಕೆ ಸೀಮೆಸುಣ್ಣದ ಗುರುತು, ಮುಖ ಆಮೇಲೆ. ಬೇರೆಬೇರೆ ಕೂರಿಸಿ ಬರೆದು ಜೋಡಿಸಿದರೆ ನೆರಳುಗಳು ಹೊಂದದೆ, ಸಂಗಾತಿಗಳೂ ಬಸ್‌ಸ್ಟಾಂಡಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರಂತೆ ಕಾಣುತ್ತಾರೆ. ಅಷ್ಟು ಹೊತ್ತು ಕೈ ಬಿಡದೆ ಕೂತಿರಲ್ಲ, ಅದಕ್ಕೆ ನಮಸ್ಕಾರ.

ಬರೆಯಲು, ಪ್ರದರ್ಶಿಸಲು, ಇಂಟರ್‌ನೆಟ್ಟಿಗೆ ಹಾಕಲು ಒಪ್ಪಿಗೆ ಬೇರೆಬೇರೆ. ಯಾವುದನ್ನು ಬೇಕಾದರೂ ಹಿಂಪಡೆಯಬಹುದು. ಮುಖ ಬೇಡವೆಂದವರ ಬೆನ್ನು, ಕೈ ಬರೆದೆವು. ಆದರೆ ಸಣ್ಣ ಊರಿನಲ್ಲಿ ಗುರುತು ಸಿಗಲು ಒಂದು ಹಚ್ಚೆ, ಒಂದು ಉಂಗುರ, ಕಿಟಕಿಯ ಸರಳಿನ ವಿನ್ಯಾಸ ಸಾಕು. ಅಂಥದ್ದನ್ನೆಲ್ಲ ನೀವೇ ತೋರಿಸಿ ತೆಗೆಸಿದಿರಿ. ಫೋನಿನ ಬ್ಯೂಟಿ ಫಿಲ್ಟರ್ ದವಡೆಯನ್ನು ಸಪೂರ ಮಾಡುತ್ತದೆ, ಮೈಬಣ್ಣ ತಿಳಿಯಾಗಿಸುತ್ತದೆ. ಫೋಟೊ ನೋಡಿ ಬರೆಯುವವರು ಆ ಫಿಲ್ಟರನ್ನು ಆಫ್ ಮಾಡಿಸಲೇಬೇಕು. ಗಡ್ಡದ ನೆರಳು ಇರಲೋ ಬೇಡವೋ ಎಂಬುದು ಟ್ರಾನ್ಸ್ ಗೆಳೆಯ ಗೆಳತಿಯರದೇ ತೀರ್ಮಾನ. ಅದನ್ನು ಬಿಚ್ಚುಮನಸ್ಸಿನಿಂದ ಹೇಳಿದ್ದಕ್ಕೇ ಚಿತ್ರಗಳು ನಿಮ್ಮ ಹಾಗೆ ಬಂದಿವೆ.

ಸಾಗರದ ಕಡೆಯ ದೀವರ ಸಮುದಾಯದ ಅಮ್ಮಂದಿರೇ, ನಿಮ್ಮ ಋಣ ದೊಡ್ಡದು. ಹಸೆ ಚಿತ್ತಾರ ಮದುವೆ ಮನೆಯ ಗೋಡೆಯದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಸಿಗಲಿಲ್ಲ. ಹಾಗಿದ್ದೂ, ಚಿತ್ರದಲ್ಲಿ ಈ ಜೋಡಿಗಳ ಹಿಂದೆ ಬರೆಯಲಿಕ್ಕೆ ಎಂದು ತಿಳಿದೇ ನೀವು ಹಸೆಯ ಗೆರೆ ಕಲಿಸಿದಿರಿ. ಪುಂಡಿನಾರಿನ ತುದಿ ಜಜ್ಜಿ ಕುಂಚ, ಕೆಮ್ಮಣ್ಣಿನ ಹಿನ್ನೆಲೆ, ನೆನೆಸಿ ಅರೆದ ಅಕ್ಕಿಯ ಬಿಳಿ. ಗೋಡೆಗೆ ಅದೇ ಚೆಂದ. ಕಾಗದದ ಮೇಲೆ ಅಕ್ಕಿಹಿಟ್ಟಿಗೆ ಹುಳ, ಬೂಷ್ಟು ಬೇಗ ಬರುವುದರಿಂದ ಅಲ್ಲಿ ಅಕ್ರಿಲಿಕ್ ಬಿಳಿ ಬಳಸಿದೆವು; ಕುಂಚ ನಾರಿನದೇ.

ಫ್ರೇಮ್ ಹಾಕಿಕೊಟ್ಟ ಅಣ್ಣನಿಗೆ ವಂದನೆ. ಜಡಿಮಳೆಯ ದಿನ ಫ್ರೇಮ್ ಮುಚ್ಚಿದರೆ ಗಾಳಿಯ ತೇವವೂ ಒಳಗೇ ಸೇರುತ್ತದೆ. ನೀವು ಬಿಸಿಲಿಗೆ ಕಾದಿರಿ. ಗಾಜು ಇದ್ದಿಲಿಗೆ ತಾಗದಂತೆ 3 ಮಿ.ಮೀ. ಅಂತರ ಬಿಟ್ಟಿರಿ. ಇದ್ದಿಲು ಉದುರದಂತೆ ಹೊಡೆಯುವ ಸ್ಪ್ರೇ, ಫಿಕ್ಸೆಟಿವ್ ಕೂಡ ಹಾಗೆಯೇ: ತೇವದ ಗಾಳಿಯಲ್ಲಿ ಹೊಡೆದರೆ ಬಿಳಿ ಮಸುಕು ಕೂರುತ್ತದೆ, ಒಣ ದಿನ ನೋಡಿ ಒಂದಡಿ ದೂರದಿಂದ ತೆಳುವಾಗಿ 2 ಸಲ ಸಾಕು.

ಚಿತ್ರ ಮನೆಗೆ ಒಯ್ದವರು ಮಳೆ ಬಡಿಯುವ ಗೋಡೆಗೆ ಹಾಕಬೇಡಿ. ಫ್ರೇಮಿನ ಹಿಂಬದಿಯ ರಬ್ಬರ್ ಗುಂಡಿಗಳನ್ನು ಕೀಳಬೇಡಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ. ಬೂಷ್ಟಿನ ಚುಕ್ಕಿ ಕಂಡರೆ ಒರೆಸದೆ ನಮ್ಮ ಹತ್ತಿರ ತನ್ನಿ. ಗೋಡೆಗೆ ಹಾಕಲು ಆಗದೆ ಬೀರುವಿನಲ್ಲೇ ಇಡಬೇಕಾದವರು ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಿಸಿ. ಅದೂ ಕಷ್ಟವಾದರೆ ನಾವೇ ಹೆಸರು ಬರೆಯದೆ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ, ನಿಮಗೆ ಬೇಕೆನಿಸಿದ ದಿನ ಬಂದು ಒಯ್ಯಿರಿ.