ಹಕ್ಕಿ ಚಿತ್ರದ ಕೆಳಗೆ ಐಎಸ್‌ಒ ಕೂಡ ಇರಲಿ

ಮಾನ್ಯ ಸಂಪಾದಕರೇ,

ಪಕ್ಷಿ ಛಾಯಾಗ್ರಹಣ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ‘ಐಎಸ್‌ಒ 400 ದಾಟಬೇಡಿ’ ಎನ್ನುತ್ತದೆ. ಐಎಸ್‌ಒ ಎಂದರೆ ರೀಲು ಅಥವಾ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ; ಏರಿಸಿದಷ್ಟೂ ಕಡಿಮೆ ಬೆಳಕಿನಲ್ಲೂ ಶಟರ್ ಚುರುಕಾಗಿಡಬಹುದು. ರೀಲಿನ ಕಾಲಕ್ಕೆ ಸರಿ. ಆಗ ಅಂಗಡಿಯಲ್ಲಿ ಸಿಗುತ್ತಿದ್ದುದೇ ಹೆಚ್ಚಾಗಿ 100, 200, 400. ಈಗ ನಮ್ಮ ಕಾಫಿ ತೋಟಗಳಲ್ಲಿ ಹಾಗೆ ತೆಗೆದರೆ ಕೈಗೆ ಬರುವುದು ಬರೀ ಮಸುಕು.

ನಾನು ಚಿಕ್ಕಮಗಳೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. 150–600 ಎಂಎಂ ಲೆನ್ಸ್ ಕೊಂಡ ಹುಡುಗರು ‘ಲೆನ್ಸ್ ಶಾರ್ಪ್ ಇಲ್ಲ ಸರ್’ ಎಂದು ದೂರು ತರುತ್ತಾರೆ. ಚಿತ್ರದ ವಿವರ ತೆರೆದು ನೋಡಿದರೆ ಶಟರ್ (ಬೆಳಕು ಒಳಬಿಡುವ ಹೊತ್ತು) 1/125 ಸೆಕೆಂಡ್! 600ಕ್ಕೆ ಎಳೆದಾಗ ಆ ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸಿಲ್ವರ್ ಓಕ್ ನೆರಳಿನಲ್ಲಿ ಐಎಸ್‌ಒ ಕೂಡ ಏರಿಸದಿದ್ದರೆ ಶಟರ್ ನಿಧಾನವಾಗದೆ ಇನ್ನೇನು? ಲೆನ್ಸಿನೊಳಗಿನ ಸ್ಟೆಬಿಲೈಸರ್ ನಮ್ಮ ಕೈ ನಡುಕವನ್ನು ತಡೆದೀತು, ಮಡಿವಾಳ ಹಕ್ಕಿಯ ಬಾಲದ ಕುಣಿತವನ್ನಲ್ಲ. ಕುಳಿತ ಹಕ್ಕಿಗೆ 1/500, ಹಾರುವುದಕ್ಕೆ 1/2000 ಆದರೂ ಬೇಕು. ಅದಕ್ಕಾಗಿ ಐಎಸ್‌ಒ 3200 ಆಗುವುದಾದರೆ ಆಗಲಿ. ಐಎಸ್‌ಒ ಏರಿದಾಗ ಚಿತ್ರದಲ್ಲಿ ಕಾಣುವ ಕಾಳುಕಾಳು, ಅಂದರೆ ನಾಯ್ಸ್ ಅನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು. ಅಲುಗಿದ ಕಣ್ಣನ್ನು ಸರಿಮಾಡುವುದು ಕಷ್ಟ.

ಭದ್ರಾ ಹಿನ್ನೀರಿನ ಕತೆ ಬೇರೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತೆರೆದುಕೊಂಡಾಗ ಮರಿ ಮಾಡುವ ರಿವರ್ ಟರ್ನ್ ಎಂಬ ನೀರುಹಕ್ಕಿಗಳ ಚಿತ್ರ ತೆಗೆಯಲು ಲಕ್ಕವಳ್ಳಿಗೆ ಹೋಗುವವರಿಗೆ ಬೆಳಕಿನ ಕೊರತೆಯಿಲ್ಲ, ಕಾಡುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್. ಅದು ಕಂಡದ್ದನ್ನೆಲ್ಲ ನಡುಬೂದು ಮಾಡಹೊರಡುತ್ತದೆ. ಹಕ್ಕಿಯ ಹಿಂದೆ ಕಡುಬಣ್ಣದ ನೀರಿದ್ದರೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಹೆಚ್ಚಿಸಿ ಬಿಳಿ ರೆಕ್ಕೆಯನ್ನು ಸುಣ್ಣ ಬಳಿದ ಗೋಡೆಯಂತೆ ಮಾಡುತ್ತದೆ, ಗರಿಯೊಂದೂ ಕಾಣದು. ಅದೇ ಹಕ್ಕಿ ಆಕಾಶಕ್ಕೆ ಏರಿತೋ, ಕಪ್ಪಾಗಿಸುತ್ತದೆ. ನೀರಿಗೆ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿ, ಆಕಾಶಕ್ಕೆ ಏರಿಸಿ ಎಂದು ಹೇಳುವುದು ಸುಲಭ; ಹಕ್ಕಿ ಅಷ್ಟು ಹೊತ್ತು ಕಾಯಬೇಕಲ್ಲ! ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್‌ಗೆ ಹಾಕಿ, ಆಟೊ ಐಎಸ್‌ಒ ಬಂದ್ ಮಾಡಿ, ಬಿಸಿಲು ಚೆನ್ನಾಗಿದ್ದರೆ 1/2500, ಎಫ್8, ಐಎಸ್‌ಒ 400ರ ಆಸುಪಾಸಿನಿಂದ ಶುರು ಮಾಡಬೇಕು. ಬಿಳಿ ಸುಟ್ಟಿದೆಯೇ ಎಂದು ಹಿಸ್ಟೋಗ್ರಾಂ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡರೆ ಸಾಕು. ಲೇಖಕರ 400 ಇಲ್ಲಿ ನಡೆಯುತ್ತದೆ, ನೋಡಿ.

ಪ್ರತಿ ವಾರ ಓದುಗರ ಹಕ್ಕಿ ಚಿತ್ರ ಪ್ರಕಟಿಸುತ್ತೀರಿ. ಕೆಳಗೆ ಹೆಸರಿನ ಜೊತೆಗೆ ಶಟರ್, ಅಪರ್ಚರ್, ಐಎಸ್‌ಒ, ತೆಗೆದದ್ದು ನೆರಳಿನಲ್ಲೋ ಬಿಸಿಲಿನಲ್ಲೋ ಎಂಬುದನ್ನೂ ಹಾಕಿ. ಅರ್ಧ ಸಾಲು ಸಾಕು, ಕಲಿಯುವವರಿಗೆ ಲೇಖನಕ್ಕಿಂತ ಹೆಚ್ಚು ಉಪಯೋಗವಾಗುತ್ತದೆ. ಗೂಡು ಇರುವ ಜಾಗದ ಹೆಸರು ಮಾತ್ರ ಹಾಕಬೇಡಿ.

– ಸ್ಟುಡಿಯೊದವನೊಬ್ಬ, ಚಿಕ್ಕಮಗಳೂರು